ಕಣ್ಣಿನ ಖಾತೆ

ನಮ್ಮ ಹೋಳೂರು ಕಡೆಯ ಮನೆಗಳಿಗೆ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದೂ ಗೊತ್ತು. ಡೇರಿಯ ಬಟವಾಡೆ ಕೈಗೆ ಬಂದರೆ ಅದು ಹಿಂಡಿ ಬೂಸಕ್ಕೆ, ಅಂಗಡಿ ಬಾಕಿಗೆ. ರೇಷ್ಮೆಗೂಡು ಮಾರಿದ್ದು ಸಂಘದ ಸಾಲದ ಕಂತಿಗೆ. ಮಾವಿನ ತೋಪಿನ ಹಣ ಶಾಲೆ ಶುರುವಾಗುವ ಹೊತ್ತಿಗೇ ಬರುವುದರಿಂದ ಪುಸ್ತಕ, ಬ್ಯಾಗು, ಚಪ್ಪಲಿ ಅದಕ್ಕೆ ಮೊದಲೇ ಕಾದು ಕೂತಿರುತ್ತವೆ. ಇನ್ನು ಟೊಮೆಟೊ ಇದೆ. ಅದು ಆದಾಯದ ಲೆಕ್ಕಕ್ಕೆ ಬರುವ ಬೆಳೆಯಲ್ಲ, ಹಣೆಬರಹದ ಲೆಕ್ಕಕ್ಕೆ ಬರುವಂಥದ್ದು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದಾಗ ನಮ್ಮ ಹೊಲದಲ್ಲಿ ಒಂದು ಗಿಡವೂ ಇರಲಿಲ್ಲ. ಗಿಡ ಇದ್ದ ವರ್ಷಗಳಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ಹಸುಗಳ ಮುಂದೆ ಸುರಿದಿದ್ದೇವೆ. ಹೀಗೆ ಬರುವ ಪ್ರತಿ ರೂಪಾಯಿಗೂ ಮೊದಲೇ ಹೆಸರಿಟ್ಟುಕೊಂಡ ಮನೆಯಲ್ಲಿ ‘ಮಗುವಿನ ಕಣ್ಣು’ ಎಂದು ಹೊಸ ಖಾತೆ ತೆರೆಯುವುದು ಸುಲಭದ ಕೆಲಸವಲ್ಲ.

ಕಣ್ಣಿನ ಕಾಯಿಲೆ ನಮಗೆ ಹೊಸದೇನೂ ಆಗಿರಲಿಲ್ಲ. ಆದರೆ ಹಳ್ಳಿಯಲ್ಲಿ ಕಣ್ಣು ಎಂದರೆ ವಯಸ್ಸಾದವರ ಪೊರೆ. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಮಾಡಿದ ಕಾಲದಿಂದಲೂ ಕರ್ನಾಟಕದ ಹಳ್ಳಿಯವರಿಗೆ ಆ ಕ್ರಮ ಪರಿಚಿತ. ನಮ್ಮ ಅತ್ತೆಯವರನ್ನೂ ಶಿಬಿರದ ವ್ಯಾನೇ ಕರೆದುಕೊಂಡು ಹೋಗಿ, ಪೊರೆ ತೆಗೆಸಿ, ಕಪ್ಪು ಕನ್ನಡಕ ಹಾಕಿಸಿ ಮನೆ ಬಾಗಿಲಿಗೆ ತಂದು ಬಿಟ್ಟಿತ್ತು. ಒಂದು ದಿನದ ಕೆಲಸ, ಕಾಸಿನ ಖರ್ಚಿಲ್ಲ, ಮಾರನೆಯ ದಿನದಿಂದ ಬೆಳಕು. ಮಗುವಿನ ಕಣ್ಣು ಹಾಗಲ್ಲ ಎಂದು ನಮಗೆ ತಿಳಿದದ್ದು ನಿಧಾನವಾಗಿ.

ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಆರೋಗ್ಯ ತಂಡ ಬಂತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದಾಗಿನಿಂದ ಇಂಥ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ವರ್ಷಕ್ಕೊಂದು ಸಲ ಬರಬೇಕು. ಗೋಡೆಗೆ ಅಕ್ಷರದ ಪಟ ತೂಗುಹಾಕಿ, ಮಕ್ಕಳನ್ನು ಆರು ಮೀಟರು ದೂರ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತಾರೆ. ಅಂಗೈಯಲ್ಲಿ ಕಣ್ಣು ಮುಚ್ಚಿಕೊಳ್ಳಲು ಹೇಳಿದರೆ ಬೆರಳ ಸಂದಿಯಲ್ಲಿ ನೋಡುವುದು ಮಕ್ಕಳ ಹುಟ್ಟುಗುಣ. ಸಾಲಿನಲ್ಲಿ ಹಿಂದೆ ನಿಂತವರು ಮುಂದಿನವರು ಓದಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದು ಕಣ್ಣು ಮುಚ್ಚಿಯೇ ಒಪ್ಪಿಸುವುದೂ ಉಂಟು. ಅವತ್ತು ಬಂದಿದ್ದ ನರ್ಸಮ್ಮ ಅನುಭವಸ್ಥೆ. ಅಂಗೈ ಬೇಡವೆಂದು ರಟ್ಟು ಹಿಡಿಸಿ, ಪಟವನ್ನು ಆಗಾಗ ತಲೆಕೆಳಗು ಮಾಡಿ ಕೇಳಿದರಂತೆ. ನಮ್ಮ ಹುಡುಗಿ ಬಲಗಣ್ಣಿನಲ್ಲಿ ಕೊನೆಯ ಸಾಲಿನವರೆಗೆ ಸಲೀಸಾಗಿ ಹೇಳಿದಳು. ಎಡಗಣ್ಣಿನಲ್ಲಿ ಮೂರನೇ ಸಾಲಿಗೆ ನಿಂತಳು. ಅದಕ್ಕೆ 6/24 ಎನ್ನುತ್ತಾರೆ. ಬೇರೆಯವರು 24 ಮೀಟರಿನಿಂದ ಓದುವುದನ್ನು ಈ ಕಣ್ಣು ಆರು ಮೀಟರಿಗೆ ಬಂದು ಓದಬೇಕು.

ಚೀಟಿ ಮನೆಗೆ ಬಂದಾಗ ಯಾರೂ ನಂಬಲಿಲ್ಲ. ಮಾಲುಗಣ್ಣಾಗಿದ್ದರೆ ನಂಬುತ್ತಿದ್ದರೋ ಏನೋ. ಆದರೆ ಮಾಲುಗಣ್ಣಿಗೂ ನಮ್ಮಲ್ಲಿ ‘ಅದೃಷ್ಟದ ಕಣ್ಣು’ ಎಂಬ ಬಿರುದಿದೆ. ಅದೃಷ್ಟಕ್ಕೆ ಯಾರು ಮದ್ದು ಮಾಡಿಸುತ್ತಾರೆ? ಇವಳದು ನೆಟ್ಟ ನೋಟ, ನೀಟಾದ ಕಣ್ಣು. “ಸೂಜಿಗೆ ದಾರ ಪೋಣಿಸಿ ಕೊಡೋದೇ ಈ ಮಗು, ಇದಕ್ಕೇನಮ್ಮ ಆಗಿರೋದು?” ಎಂದರು ಅತ್ತೆ. ದಾರ ಪೋಣಿಸಲು ಒಂದು ಕಣ್ಣು ಸಾಕು ಎಂದು ಅವರಿಗಾಗಲಿ ನನಗಾಗಲಿ ಹೊಳೆಯಲಿಲ್ಲ. ಆಮೇಲೆ ಒಂದಷ್ಟು ದಿನ ಅವರ ಚಿಕಿತ್ಸೆಯೇ ನಡೆಯಿತು. ನೆತ್ತಿಗೆ ಹರಳೆಣ್ಣೆ, ಊಟಕ್ಕೆ ಹೊನಗೊನೆ ಸೊಪ್ಪಿನ ಬಸ್ಸಾರು. ಸೊಪ್ಪು ಒಳ್ಳೆಯದೇ, ಬಸ್ಸಾರು ಇನ್ನೂ ಒಳ್ಳೆಯದು, ಈಗಲೂ ಮಾಡುತ್ತೇವೆ. ಆದರೆ ಎರಡು ಕಣ್ಣಿನ ಪವರಿನಲ್ಲಿ ಇರುವ ವ್ಯತ್ಯಾಸವನ್ನು ತಿದ್ದುವ ಸೊಪ್ಪು ಯಾವ ಬದುವಿನ ಮೇಲೂ ಬೆಳೆಯುವುದಿಲ್ಲ.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ, ಕೂರಿಸಿ, ಪರೀಕ್ಷೆ ಮಾಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಣ್ಣಿನ ಗುಡ್ಡೆಯಲ್ಲಿ ರೋಗವಿಲ್ಲ. ಎಡಗಣ್ಣಿಗೆ ಹುಟ್ಟಿನಿಂದ ಪ್ಲಸ್ ಪವರು ಹೆಚ್ಚು. ಅದರಿಂದ ಬರುವ ಚಿತ್ರ ಮಬ್ಬು, ಬಲಗಣ್ಣಿನದು ಸ್ಪಷ್ಟ. ಮಿದುಳು ಸ್ಪಷ್ಟವಾದದ್ದನ್ನು ಇಟ್ಟುಕೊಂಡು ಮಬ್ಬಾದದ್ದನ್ನು ಬಿಡುವುದನ್ನು ರೂಢಿ ಮಾಡಿಕೊಂಡಿದೆ. ಇದಕ್ಕೆ ಆಂಬ್ಲಿಯೋಪಿಯಾ ಎಂದು ಹೆಸರು. ಆಡುಮಾತಿನಲ್ಲಿ ಸೋಮಾರಿ ಕಣ್ಣು. ನಮ್ಮನೆಯವರು ಇದನ್ನು ನನಗಿಂತ ಬೇಗ ಅರ್ಥ ಮಾಡಿಕೊಂಡರು. “ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಪೂರಾ ಎಳೀತದೆ, ಇನ್ನೊಂದು ನೊಗಕ್ಕೆ ಒರಗಿಕೊಂಡು ಹೋಗ್ತದೆ. ಎಳೆಯೋದನ್ನ ಒಂದಿಷ್ಟು ಹೊತ್ತು ಬಿಚ್ಚಿ ನಿಲ್ಲಿಸಬೇಕು, ಅಷ್ಟೇ ಅಲ್ವಾ ಮೇಡಂ?” ಎಂದರು. ಡಾಕ್ಟರಮ್ಮ ನಕ್ಕು, ಅಷ್ಟೇ ಎಂದರು. ಮೊದಲು ಕನ್ನಡಕ, ಆಮೇಲೆ ಒಳ್ಳೆಯ ಕಣ್ಣಿಗೆ ಪಟ್ಟಿ.

ಬೇಗ ಮಾಡಬೇಕು ಎಂದೂ ಹೇಳಿದರು. ಯಾಕೆ ಬೇಗ ಎನ್ನುವುದನ್ನು ವಿವರಿಸಿದ್ದು ಆಪ್ಟೊಮೆಟ್ರಿ ಓದುತ್ತಿರುವ ನಮ್ಮ ನಾದಿನಿಯ ಮಗಳು. ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಎಂಬಿಬ್ಬರು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಕೆಲವು ತಿಂಗಳ ಮೇಲೆ ಬಿಚ್ಚಿ ನೋಡಿದರಂತೆ. ಕಣ್ಣು ಚೆನ್ನಾಗಿಯೇ ಇದ್ದರೂ ಆ ಕಣ್ಣಿನ ಮಾತು ಕೇಳುವ ಮಿದುಳಿನ ಕೋಶಗಳನ್ನು ಅಷ್ಟರಲ್ಲಿ ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿತ್ತು. ದೊಡ್ಡ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. ಎಳವೆಯಲ್ಲಿ ಒಂದು ಅವಧಿ ಇದೆ, ಅದರೊಳಗೆ ತಿದ್ದಬೇಕು ಎನ್ನುವ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಏಳು ವರ್ಷದೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ, ಆಮೇಲೂ ಸ್ವಲ್ಪ ಮಟ್ಟಿಗೆ ಸಾಧ್ಯವಿದೆ. ಇಷ್ಟು ತಿಳಿದ ಮೇಲೆ ‘ಮುಂದಿನ ಬೆಳೆಗೆ ನೋಡೋಣ’ ಎನ್ನುವ ಮಾತು ಮನೆಯಲ್ಲಿ ನಿಂತಿತು.

ಈ ನಡುವೆ ಯಾರೋ ಹೇಳಿದರೆಂದು ಬೆಂಗಳೂರಿನ ಒಂದು ಕೇಂದ್ರಕ್ಕೂ ಹೋಗಿ ಬಂದೆವು. ಏಸಿ ಕೋಣೆ, ಮಕ್ಕಳ ಆಟದ ಸಾಮಾನು, ಗೋಡೆ ತುಂಬ ಬಣ್ಣದ ಚೆಂಡುಗಳು. ಕನ್ನಡಕದ ಜೊತೆಗೆ ವಿಷನ್ ಥೆರಪಿ ಬೇಕು, ವಾರಕ್ಕೆ ಇಷ್ಟು ಸಲ, ಇಷ್ಟು ತಿಂಗಳು, ಪ್ಯಾಕೇಜಿನಲ್ಲಿ ತೆಗೆದುಕೊಂಡರೆ ರಿಯಾಯಿತಿ ಎಂದರು. ಮೊತ್ತ ಕೇಳಿ ನಾನು ಮನಸ್ಸಿನಲ್ಲೇ ಅದನ್ನು ಹಾಲಿಗೆ ಬದಲಾಯಿಸಿಕೊಂಡೆ. ಎರಡು ಹಸುಗಳು ತಿಂಗಳುಗಟ್ಟಲೆ ಮೇವು ತಿನ್ನದೆ ಹಾಲು ಕೊಟ್ಟರೆ ಮಾತ್ರ ಹೊಂದಿಸಬಹುದಾದ ಮೊತ್ತ ಅದು. ಕಣ್ಣಿನ ಜೊತೆಗೆ ಜ್ಞಾಪಕಶಕ್ತಿ, ಗಮನ, ಬರವಣಿಗೆ, ಮಾರ್ಕ್ಸು ಎಲ್ಲ ಸುಧಾರಿಸುತ್ತದೆ ಎಂದೂ ಸೇರಿಸಿದರು. ನನಗೆ ಅನುಮಾನ ಬಂದದ್ದು ಮೊತ್ತದಿಂದಲ್ಲ, ಈ ಕೊಸರಿನಿಂದ. ಕಣ್ಣಿಗೆ ಬಂದವರಿಗೆ ಮಾರ್ಕ್ಸು ಮಾರುವ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಯೋಚಿಸುವುದು ಒಳ್ಳೆಯದು. ಹಾಗೆಂದು ಬಡವರಿಗೆ ಯೋಚಿಸುವುದು ಸುಲಭವೂ ಅಲ್ಲ. ದುಡ್ಡಿಲ್ಲ ಎಂದು ಮಗುವಿನ ಕಣ್ಣು ಹಾಳು ಮಾಡಿದೆವೋ ಎನ್ನುವ ಪಾಪಭೀತಿ ರಾತ್ರಿಯೆಲ್ಲ ಪಕ್ಕದಲ್ಲೇ ಮಲಗಿರುತ್ತದೆ. ಪ್ಯಾಕೇಜುಗಳು ಹೆಚ್ಚಾಗಿ ಮಾರಾಟವಾಗುವುದು ಈ ಭಯದ ಮೇಲೆಯೇ.

ಊರಿಗೆ ಬಂದು ನಾದಿನಿಯ ಮಗಳ ಹತ್ತಿರ ಕೇಳಿದೆ. ಅವಳು ಹೇಳಿದ್ದನ್ನು ನನ್ನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ಮಕ್ಕಳ ಕಣ್ಣಿನ ವೈದ್ಯರ ಒಂದು ದೊಡ್ಡ ಗುಂಪು ಇದೇ ಕಾಯಿಲೆಯ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆಸಿದೆ. 2006ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಎರಡು ಕಣ್ಣಿನ ಪವರು ಬೇರೆಬೇರೆ ಇದ್ದುದರಿಂದ ಆಂಬ್ಲಿಯೋಪಿಯಾ ಬಂದ ಮಕ್ಕಳಿಗೆ ಬರಿಯ ಕನ್ನಡಕ ಹಾಕಿಸಿದಾಗಲೇ ನೂರಕ್ಕೆ 77 ಮಕ್ಕಳು ಎರಡು ಸಾಲು ಅಥವಾ ಅದಕ್ಕಿಂತ ಹೆಚ್ಚು ಓದುವಂತಾದರು. ನೂರಕ್ಕೆ 27 ಮಕ್ಕಳ ತೊಂದರೆ ಪೂರ್ತಿ ಹೋಯಿತು. 2003ರ ಇನ್ನೊಂದು ಪರೀಕ್ಷೆಯಲ್ಲಿ, ಮಧ್ಯಮ ಮಟ್ಟದ ತೊಂದರೆ ಇರುವ ಏಳು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟಿದರೂ ಆರು ಗಂಟೆ ಕಟ್ಟಿದರೂ ನಾಲ್ಕು ತಿಂಗಳ ಮೇಲೆ ಫಲ ಒಂದೇ ಆಗಿತ್ತು. ಪಟ್ಟಿ ಒಲ್ಲದ ಮಕ್ಕಳಿಗೆ ಒಳ್ಳೆಯ ಕಣ್ಣನ್ನು ಮಬ್ಬು ಮಾಡುವ ಅಟ್ರೋಪಿನ್ ಹನಿಯೂ ಇದೆ. ವಾರದ ಕೊನೆಯ ಎರಡು ದಿನ ಹಾಕಿದರೂ ದಿನಾ ಹಾಕಿದಷ್ಟೇ ಕೆಲಸ ಮಾಡುತ್ತದೆ. ಆದರೆ ಅದು ಹೊಟ್ಟೆಗೆ ಹೋದರೆ ವಿಷ. ಡಾಕ್ಟರು ಹೇಳದೆ ಮುಟ್ಟುವಂತಿಲ್ಲ, ಮಕ್ಕಳ ಕೈಗೆ ಸಿಗುವ ಕಡೆ ಇಡುವಂತಿಲ್ಲ. ಒಟ್ಟಿನಲ್ಲಿ ನಮ್ಮ ಹುಡುಗಿಯ ಕಾಯಿಲೆಗೆ ಗಟ್ಟಿ ಆಧಾರ ಇರುವ ಮದ್ದುಗಳೆಲ್ಲ ಅಗ್ಗದವೇ ಆಗಿದ್ದವು.

ಮೊದಲ ಕನ್ನಡಕಕ್ಕೆ ನಾವು ದುಡ್ಡು ಕೊಡಲಿಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕದ ಅವಕಾಶವಿದೆ. ಎರಡನೆಯದಕ್ಕೆ ಕೊಟ್ಟೆವು, ಯಾಕೆಂದರೆ ಮೊದಲನೆಯದರ ಮೇಲೆ ಕರು ಕಾಲಿಟ್ಟಿತು. ಐದು ಲಕ್ಷದ ಆಯುಷ್ಮಾನ್ ಕಾರ್ಡು ಬೀರುವಿನಲ್ಲಿತ್ತು. ಆಸ್ಪತ್ರೆಗೆ ಸೇರಿಸಿಕೊಂಡು ಮಾಡುವ ಚಿಕಿತ್ಸೆಗೆ ಅದು ಒದಗುತ್ತದೆ, ಹೊರರೋಗಿಯ ಖರ್ಚಿಗೆ ಒದಗುವುದಿಲ್ಲ. ಮಗುವಿಗೆ ಆಪರೇಷನ್ ಬೇಕಾಗಿದ್ದರೆ ಲಕ್ಷಗಟ್ಟಲೆ ಸಿಗುವುದು, ಬೇಕಾಗಿರುವುದು ಅಂಟುಪಟ್ಟಿಯಾದ್ದರಿಂದ ಒಂದು ರೂಪಾಯಿಯೂ ಇಲ್ಲ ಎನ್ನುವುದನ್ನು ಅತ್ತೆಯವರಿಗೆ ಒಪ್ಪಿಸಲು ಒಂದು ಸಂಜೆಯೇ ಹಿಡಿಯಿತು.

ಒಪ್ಪಿಸಲೇಬೇಕಿತ್ತು, ಯಾಕೆಂದರೆ ದುಡ್ಡು ಅವರ ಕೈಯಲ್ಲಿತ್ತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. ಗೃಹಲಕ್ಷ್ಮಿಯ ಎರಡು ಸಾವಿರ ಬರುವುದು ಅವರ ಖಾತೆಗೆ. ಆ ದುಡ್ಡಿಗೆ ಅವರು ತಿರುಪತಿ ಎಂದು ಹೆಸರಿಟ್ಟಿದ್ದರು. ಅದನ್ನು ಕಣ್ಣಿಗೆ ತಿರುಗಿಸಲು ನಾನು ಯಾವ ವಾದವನ್ನೂ ಹೂಡಲಿಲ್ಲ. ಮಗುವಿನ ಬಲಗಣ್ಣಿಗೆ ಪಟ್ಟಿ ಅಂಟಿಸಿ ಅವರ ಮುಂದೆ ಕೂರಿಸಿದೆ. ಪಂಚಾಂಗದ ತಾರೀಕು ಓದಲಾರದೆ ಮೊಮ್ಮಗಳು ಹಾಳೆಗೆ ಮೂಗು ತಾಗಿಸಿದ್ದನ್ನು ನೋಡಿ ಅವರೇ ಎದ್ದುಹೋಗಿ ಪಾಸ್‌ಬುಕ್ ತಂದರು. “ದೇವರಿಗೆ ಕಣ್ಣು ನೆಟ್ಟಗಿದ್ದಾವೆ, ಕಾಯ್ತಾನೆ ಬಿಡು” ಎಂದರು.

ಬಸ್ಸಿನ ಖರ್ಚನ್ನು ಶಕ್ತಿ ಯೋಜನೆ ಉಳಿಸಿತು. 2023ರ ಜೂನ್ 11ರಿಂದ ನಾನೂ ಮಗಳೂ ಕೋಲಾರಕ್ಕೆ ಹೋದರೂ, ಅಲ್ಲಿಂದ ಹೊಸಕೋಟೆ, ಕೆ.ಆರ್. ಪುರದ ಮೇಲೆ ಬೆಂಗಳೂರಿಗೆ ಹೋದರೂ ಸೊನ್ನೆ ಟಿಕೆಟ್ಟು. ಅವರಪ್ಪ ಬಂದರೆ ಮಾತ್ರ ಟಿಕೆಟ್ಟಿನ ಕಾಸು ಕೊಡಬೇಕು. ಆದ್ದರಿಂದ ಅವರು ಬರುವುದಿಲ್ಲ ಎನ್ನುವುದು ಅವರ ವಾದ. ಮಗುವಿನ ಕಣ್ಣು ಇನ್ನೊಮ್ಮೆ ತೋರಿಸೋಣವೆಂದು ಮಿಂಟೊ ಆಸ್ಪತ್ರೆಗೆ ಹೋದದ್ದು ಹೀಗೇ. 1896ರಷ್ಟು ಹಿಂದೆ ಶುರುವಾದ ಸರ್ಕಾರಿ ಕಣ್ಣಾಸ್ಪತ್ರೆ ಅದು. ಅಲ್ಲಿಯೂ ಕೋಲಾರದಲ್ಲಿ ಹೇಳಿದ್ದನ್ನೇ ಹೇಳಿದರು. ಸಮಾಧಾನವಾಯಿತು. ಆದರೆ ಬಸ್ಸು ಪುಕ್ಕಟೆಯಾದರೂ ದಿನ ಪುಕ್ಕಟೆಯಲ್ಲ. ಕಣ್ಣಿನ ತಪಾಸಣೆಯ ತಾರೀಕೂ ರೇಷ್ಮೆಹುಳು ಹಣ್ಣಾಗುವ ತಾರೀಕೂ ಒಂದೇ ಆದರೆ ಮನೆಯಲ್ಲಿ ಯುದ್ಧ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕುವವರಿಲ್ಲದೆ ಒಂದು ಹೊತ್ತು ಹೋದರೆ ಗೂಡಿನ ತೂಕದಲ್ಲಿ ಕಾಣುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಡದೆ ಬೆಂಗಳೂರಿಗೆ ಹೋದರೆ ಹೋದದ್ದು ಬರಿಯ ದಿನವಲ್ಲ, ಬೆಳೆ. ಸಂಬಳದವರಿಗೆ ರಜೆ ಇದೆ. ಹುಳುವಿಗೆ ರಜೆ ಗೊತ್ತಿಲ್ಲ. ವಾರಕ್ಕೆ ಮೂರು ಸಲ ಥೆರಪಿಗೆ ಬನ್ನಿ ಎನ್ನುವವರು ಲೆಕ್ಕಕ್ಕೆ ಹಿಡಿಯದೆ ಬಿಡುವ ಖರ್ಚು ಇದೇ.

ಅಂಗಡಿಯ ಅಂಟುಪಟ್ಟಿ ದಿನಕ್ಕೊಂದು ಬೇಕು, ಬಿಸಿಲಿಗೆ ಬೆವರಿ ಚರ್ಮ ಕೆಂಪಾಗುತ್ತದೆ. ಡಾಕ್ಟರಮ್ಮನನ್ನು ಕೇಳಿ ರವಿಕೆ ಕಣದ ಚೂರುಗಳಿಂದ ಕನ್ನಡಕದ ಗಾಜಿಗೆ ತೊಡಿಸುವ ಚೀಲ ಹೊಲಿದೆ. ಮೂಗಿನ ಕಡೆಯಿಂದಲೂ ಕಿವಿಯ ಕಡೆಯಿಂದಲೂ ಇಣುಕದಂತೆ ಅಂಚು ಅಗಲ ಬಿಟ್ಟು, ಒಳಗೆ ಕಪ್ಪು ಬಟ್ಟೆ ಕೊಟ್ಟು. ಅವಳ ಲಂಗದ ಬಣ್ಣಕ್ಕೆ ಹೊಂದುವ ಚೀಲಗಳು ಡಬ್ಬಿ ತುಂಬ ಆದವು. ಶಾಲೆಯಲ್ಲಿ ಆಗಲೇ ‘ಸೋಡಾಬುಡ್ಡಿ’ ಎಂಬ ಹೆಸರು ಬಂದಿತ್ತು, ಇನ್ನೊಂದು ಹೆಸರು ಬೇಡವೆಂದು ಪಟ್ಟಿಯ ಎರಡು ಗಂಟೆಯನ್ನು ಮನೆಯಲ್ಲಿ ಸಂಜೆಗೆ ಇಟ್ಟುಕೊಂಡೆವು. ಹೆಣ್ಣುಮಗುವಿಗೆ ದಪ್ಪ ಕನ್ನಡಕ ಹಾಕಿಸಿದರೆ ನಾಳೆ ಕಟ್ಟಿಕೊಳ್ಳುವವರು ಯಾರು ಎಂದು ಕೇಳಿದವರೂ ಇದ್ದರು. ಒಂದನೇ ಕ್ಲಾಸಿನ ಹುಡುಗಿಯ ಮದುವೆಯ ಚಿಂತೆ ಹೊತ್ತ ಆ ಹಿರಿಯರಿಗೆ ಕಾಫಿ ಕೊಟ್ಟು ಕಳಿಸಿದೆ.

ಎರಡು ಗಂಟೆ ಎಂದರೆ ಹೇಳುವುದಕ್ಕೆ ಸಣ್ಣದು. ಮಬ್ಬು ಕಣ್ಣಿನಲ್ಲಿ ಕೂತ ಮಗುವಿಗೆ ಅದು ಮುಗಿಯದ ಹೊತ್ತು. ಅಳುತ್ತಾಳೆ, ಕೀಳುತ್ತಾಳೆ, ನೀರು ಕುಡಿಯುವ ನೆಪದಲ್ಲಿ ಹೋಗಿ ಚೀಲ ಸರಿಸುತ್ತಾಳೆ. ನಾನು ಹಾಲು ಕರೆಯುವ ಹೊತ್ತೂ ಅದೇ. ಆಗ ಅತ್ತೆ ಥೆರಪಿಸ್ಟ್ ಆದರು. ಅವರೆಕಾಯಿ ಕಾಲದಲ್ಲಿ ಮೊಮ್ಮಗಳ ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟು ಹಿದುಕಲು ಕೂರಿಸುವರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಬೇಳೆ ಆಗಾಗ ಗೋಡೆಗೆ ಹಾರುವುದು. ಕಾಲ ಮುಗಿದ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವುದು, ಕನಕಾಂಬರ ಕಟ್ಟುವುದು, ಚೌಕಾಬಾರ. ಜೊತೆಗೆ ಕತೆ. ಪಟ್ಟಿ ಕಟ್ಟಿದಾಗ ಹತ್ತಿರದ ಕೆಲಸ ಮಾಡಿಸಿದರೆ ಒಳ್ಳೆಯದೆಂದು ಹಿಂದೆ ನಂಬಿದ್ದರು. 2008ರಲ್ಲಿ ಅದನ್ನೂ ಪರೀಕ್ಷಿಸಿ, ಹತ್ತಿರದ ಕೆಲಸ ಮಾಡಿದ ಮಕ್ಕಳಿಗೂ ದೂರದ ಆಟ ಆಡಿದ ಮಕ್ಕಳಿಗೂ ಫಲದಲ್ಲಿ ವ್ಯತ್ಯಾಸವಿಲ್ಲ ಎಂದು ಕಂಡುಕೊಂಡರಂತೆ. ಅಂದರೆ ಹಿದುಕಿದ ಅವರೆಬೇಳೆಯಲ್ಲಿ ಮದ್ದಿನ ಗುಣವೇನಿಲ್ಲ. ಅದು ಮಾಡಿದ್ದು ಮಗುವನ್ನು ಎರಡು ಗಂಟೆ ಕೂರಿಸಿದ್ದು ಮತ್ತು ನಮಗೆ ಸಾರು ಕೊಟ್ಟದ್ದು. ಈ ಸಂಗತಿಯನ್ನು ಅತ್ತೆಯವರಿಗೆ ನಾನು ಹೇಳಿಲ್ಲ, ನೀವೂ ಹೇಳಬೇಡಿ.

ಇಷ್ಟು ಓದಿ ಥೆರಪಿಯೆಲ್ಲ ಮೋಸ ಎಂದುಕೊಂಡರೆ ಅದು ಇನ್ನೊಂದು ತಪ್ಪು. ನಮ್ಮ ಎದುರು ಮನೆಯ ಹುಡುಗ ಹೈಸ್ಕೂಲಿನವನು. ಪುಸ್ತಕ ಹಿಡಿದ ಸ್ವಲ್ಪ ಹೊತ್ತಿಗೆ ತಲೆನೋವು, ಅಕ್ಷರ ಎರಡೆರಡಾಗಿ ಕಾಣುವುದು. ಓದು ತಪ್ಪಿಸಲು ನಾಟಕ ಎಂದು ಏಟೂ ತಿಂದಿದ್ದ. ಪರೀಕ್ಷೆ ಮಾಡಿದರೆ ಎರಡೂ ಕಣ್ಣು 6/6. ತೊಂದರೆ ಇದ್ದದ್ದು ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಒಟ್ಟಿಗೆ ಒಳಕ್ಕೆ ತಿರುಗುವುದರಲ್ಲಿ; ಕನ್ವರ್ಜೆನ್ಸ್ ಇನ್‌ಸಫಿಷಿಯೆನ್ಸಿ ಎನ್ನುತ್ತಾರೆ. ಇಂಥ 221 ಮಕ್ಕಳ ಮೇಲೆ 12 ವಾರ ನಡೆಸಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕ್ಲಿನಿಕ್ಕಿನಲ್ಲಿ ವಾರವಾರ ಥೆರಪಿ ಪಡೆದವರಲ್ಲಿ ನೂರಕ್ಕೆ 73 ಜನ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲನ್ನು ಮೂಗಿನ ಹತ್ತಿರ ತರುವ ಅಭ್ಯಾಸವನ್ನಷ್ಟೇ ಮಾಡಿದವರಲ್ಲಿ 43 ಜನ; ಥೆರಪಿಯ ಹೆಸರಿನಲ್ಲಿ ಸುಮ್ಮನೆ ಏನೋ ಆಡಿಸಿದವರಲ್ಲೂ 35 ಜನ. ಆ ಹುಡುಗನಿಗೆ ಥೆರಪಿ ನಿಜವಾಗಿ ಬೇಕಿತ್ತು. ಗಂಡುಹುಡುಗ, ಶಕ್ತಿ ಅವನಿಗೆ ಅನ್ವಯಿಸುವುದಿಲ್ಲ. ಅವರಪ್ಪ ಕುರಿ ಮಾರಿ ವಾರಕ್ಕೊಮ್ಮೆ ಕಳಿಸಿದರು, ಉಳಿದ ದಿನ ದಾರಕ್ಕೆ ಪೋಣಿಸಿದ ಮೂರು ಬಣ್ಣದ ಮಣಿಗಳಿಂದ ಮನೆಯಲ್ಲೇ ಅಭ್ಯಾಸ. ತಲೆನೋವು ಹೋಯಿತು. ಮಾರ್ಕ್ಸು ಮೊದಲಿನಷ್ಟೇ ಇದೆ. 2019ರಲ್ಲಿ ಬಂದ ಮುಂದಿನ ಅಧ್ಯಯನದಲ್ಲೂ ಇಂಥ ಥೆರಪಿಯಿಂದ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚಿದ್ದು ಕಾಣಲಿಲ್ಲ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಕಣ್ಣಿನ ವ್ಯಾಯಾಮದಿಂದ ಪ್ರಯೋಜನವಿದೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರೂ ಕಣ್ಣಿನ ವೈದ್ಯರೂ 2009ರಲ್ಲೇ ಒಟ್ಟಾಗಿ ಹೇಳಿದ್ದಾರೆ. ಹಾಗಾಗಿ ದುಡ್ಡು ಎಣಿಸುವ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟಾಗುತ್ತದೆ’ ಎಂದಲ್ಲ. ‘ನನ್ನ ಮಗುವಿಗೆ ಇರುವುದರ ಹೆಸರೇನು’ ಎಂದು ಕೇಳಿ, ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ಅದೇ ಚೀಟಿ ಹಿಡಿದು ಇನ್ನೊಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ನಮ್ಮ ಹುಡುಗಿಯ ಎಡಗಣ್ಣು ಈಗ 6/9ಕ್ಕೆ ಬಂದಿದೆ. ಪೂರ್ತಿ ಬಂದಿಲ್ಲ, ಬರದೆಯೂ ಇರಬಹುದು. ಪಟ್ಟಿ ಬಿಟ್ಟ ಮೇಲೆ ಒಂದು ವರ್ಷದೊಳಗೆ ಸುಮಾರು ಕಾಲು ಭಾಗ ಮಕ್ಕಳಲ್ಲಿ ದೃಷ್ಟಿ ಮತ್ತೆ ಹಿಂದಕ್ಕೆ ಹೋಗುತ್ತದಂತೆ. ಆದ್ದರಿಂದ ತಪಾಸಣೆ ನಿಲ್ಲಿಸಿಲ್ಲ, ಲೆಕ್ಕದ ಪುಸ್ತಕದಲ್ಲಿ ಕಣ್ಣಿನ ಖಾತೆಯನ್ನೂ ಮುಚ್ಚಿಲ್ಲ. ಅತ್ತೆಯವರ ತಿರುಪತಿ ಮುಂದಿನ ವರ್ಷಕ್ಕೆ ಹೋಗಿದೆ.

ನಿಮ್ಮ ಮನೆಯಲ್ಲಿ ಮೂರರಿಂದ ಆರು ವರ್ಷದ ಮಗು ಇದ್ದರೆ ಈ ಭಾನುವಾರ ಗೋಡೆಯ ಕ್ಯಾಲೆಂಡರಿನ ಮುಂದೆ ಸ್ವಲ್ಪ ದೂರ ನಿಲ್ಲಿಸಿ. ಅಂಗೈ ಬೇಡ, ರಟ್ಟು ಹಿಡಿದು ಒಂದು ಕಣ್ಣು ಮುಚ್ಚಿಸಿ ಚಿತ್ರ ತೋರಿಸಿ ಕೇಳಿ, ಆಮೇಲೆ ಇನ್ನೊಂದು. ಯಾವುದಾದರೂ ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ತಡವರಿಸಿದರೆ, ರಟ್ಟು ಕಿತ್ತು ಹಟ ಮಾಡಿದರೆ, ಬೈಯಬೇಡಿ. ಸೋಮವಾರ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲಿ ಸರಿ ಕಂಡರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ತೋರಿಸಿಬಿಡಿ.